ಕಾರ್ಡಿನ ಬಲಮೂಲೆ

ಆಪ್ತಸಮಾಲೋಚಕಿಯ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಹೋದ ತಿಂಗಳು ನಮ್ಮ ಮನೆಗೆ ಬಂದಿದ್ದಳು. "ನಿಮ್ಮ ಕಾಲದಲ್ಲಿ ಕೆಲಸ ಹೇಗಿತ್ತು ಅಂತ ಸ್ವಲ್ಪ ಬರ್ದುಕೊಡಿ ಮೇಡಂ, ನಮ್ ಬ್ಯಾಚಲ್ಲಿ ಎಲ್ರೂ ಓದ್ತೀವಿ" ಎಂದಳು. ಒಪ್ಪಿಕೊಂಡೆ. ಅವಳು ಹೋದ ಮೇಲೆ ಅಟ್ಟದಿಂದ ಡೈರಿಗಳ ಚೀಲ ಇಳಿಸಿದೆ. ಹೇಳಿಕೊಳ್ಳಬಹುದಾದ ಸಂಗತಿಗಳು ಅದರಲ್ಲಿ ಇಲ್ಲದೆ ಇಲ್ಲ. ಆದರೆ ಓದುತ್ತ ಹೋದಂತೆ ಒಂದೇ ವಿಷಯ ಮತ್ತೆ ಮತ್ತೆ ಎದುರಾಯಿತು. ಅದನ್ನು ಬಿಟ್ಟು ಬೇರೆ ಏನು ಬರೆದರೂ ಆ ಹುಡುಗಿಗೆ ಮೋಸ ಮಾಡಿದಂತೆ.

ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಡೈರಿಗಳನ್ನೂ ನಂಬುವಂತಿಲ್ಲ. ಔಷಧ ಕಂಪನಿಯವರು ಹಂಚಿ ಉಳಿದ ಹಳೆಯ ವರ್ಷದ ಡೈರಿಗಳಲ್ಲಿ ತಾರೀಖು ಹೊಡೆದುಹಾಕಿ ಬರೆಯುತ್ತಿದ್ದೆ, ಕೆಲವು ಕಡೆ ಹೊಡೆದುಹಾಕಲು ಮರೆತಿದ್ದೇನೆ. ಎರಡು ಸಾವಿರದ ಇಸವಿಯ ಆಚೆಯ ಮೊದಲ ಐದಾರು ವರ್ಷಗಳ ಮಾತು ಎಂದಷ್ಟೇ ಹೇಳಬಲ್ಲೆ. ಹೆಸರುಗಳನ್ನೆಲ್ಲ ಬದಲಾಯಿಸಿದ್ದೇನೆ.

ಮಾಗಡಿ ರಸ್ತೆಗೆ ಹತ್ತಿರದ ಒಂದು ಧರ್ಮಾರ್ಥ ಹೆರಿಗೆ ಆಸ್ಪತ್ರೆ ಅದು. ಬಸವೇಶ್ವರನಗರದಿಂದ ಗಂಡನ ಸ್ಕೂಟರಿನಲ್ಲಿ ಬರುವವರು, ಸುಂಕದಕಟ್ಟೆಯಿಂದ ಬಿಸಿಲಲ್ಲಿ ನಡೆದೇ ಬರುವವರು, ಎಲ್ಲರೂ ಒಂದೇ ಬೆಂಚಿನ ಮೇಲೆ ಕೂರುತ್ತಿದ್ದರು. ನಾಗರಬಾವಿ ಪಕ್ಕದ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ಓದಿದ್ದ ನನಗೆ ಆ ಬೆಂಚು ಬಹಳ ಹಿಡಿಸಿತ್ತು. ಇದೇ ಸಮಾನತೆ ಎಂದು ಮೊದಲ ವಾರದ ಡೈರಿಯಲ್ಲಿ ಬರೆದುಕೊಂಡಿದ್ದೇನೆ. ಈಗ ಓದಿದರೆ ನಾಚಿಕೆಯಾಗುತ್ತದೆ.

ಬಸುರಿಯರಿಗೆ ಎಚ್‌ಐವಿ ಪರೀಕ್ಷೆಯ ಬಗ್ಗೆ ತಿಳಿಸಿ ಹೇಳಿ ರಕ್ತ ಕೊಡಿಸುವುದು, ಫಲಿತಾಂಶ ಬಂದ ಮೇಲೆ ಬಾಗಿಲು ಮುಚ್ಚಿ ಕೂರಿಸಿಕೊಂಡು ಹೇಳುವುದು, ಇದು ನನ್ನ ಕೆಲಸ. ಸೋಂಕಿದ್ದ ತಾಯಿಗೆ ಹೆರಿಗೆ ನೋವು ಶುರುವಾದಾಗ ಒಂದು ಮಾತ್ರೆ ಕೊಡಬೇಕು, ಹುಟ್ಟಿದ ಮಗುವಿಗೆ ಮೂರು ದಿನದೊಳಗೆ ಒಂದು ಸಲ ಹನಿ ಔಷಧ ಹಾಕಬೇಕು. ಆಗ ನಮ್ಮ ಕೈಯಲ್ಲಿದ್ದದ್ದು ಅಷ್ಟೇ. ಅಷ್ಟರಿಂದ ಎಲ್ಲ ಮಕ್ಕಳಿಗೂ ರಕ್ಷಣೆ ಸಿಗುತ್ತಿರಲಿಲ್ಲ, ಆದರೆ ಅನೇಕ ಮಕ್ಕಳು ಸೋಂಕಿಲ್ಲದೆ ಪಾರಾಗುತ್ತಿದ್ದವು.

ಸೋಂಕಿದ್ದ ಹೆಂಗಸರನ್ನು ಹೆಸರು ಕೂಗಿ ನನ್ನ ಕೋಣೆಗೆ ಕರೆಯುವುದೇ ಕಷ್ಟವಾಗಿತ್ತು. ಎಲ್ಲರೂ ತಿರುಗಿ ನೋಡುತ್ತಿದ್ದರು. ಸಾಲಲ್ಲಿ ಮಧ್ಯಾಹ್ನದವರೆಗೆ ನಿಂತು ಸುಸ್ತಾಗಿ, ಡಾಕ್ಟರನ್ನು ನೋಡದೆ ಹೊರಟುಹೋದವರೂ ಇದ್ದರು. ಅದಕ್ಕೆ ನಾನೊಂದು ಉಪಾಯ ಹುಡುಕಿದೆ. ಪ್ರತಿ ತಪಾಸಣೆಗೂ ಅವರು ತರುವ ತಾಯಿ ಕಾರ್ಡಿನ ಬಲಗಡೆಯ ಮೇಲಿನ ಮೂಲೆಯನ್ನು ಹೆಬ್ಬೆರಳಿನ ಉಗುರಿನಷ್ಟು ಒಳಕ್ಕೆ ಮಡಿಚುವುದು. ಮಡಿಚಿದ ಕಾರ್ಡು ಕಂಡರೆ ಚೀಟಿ ಬರೆಯುವ ಸಿಸ್ಟರ್ ಏನೂ ಕೇಳದೆ ಮೊದಲು ಒಳಗೆ ಬಿಡಬೇಕು, ಆಮೇಲೆ ನನ್ನ ಕೋಣೆಗೆ ಕಳಿಸಬೇಕು. ನಮ್ಮ ದೊಡ್ಡ ಡಾಕ್ಟರಮ್ಮ ಕಾರ್ಡನ್ನು ತಿರುಗಿಸಿ ನೋಡಿ, "ಗುಡ್. ಇಷ್ಟು ಸಿಂಪಲ್ಲಾಗಿ ಯಾರೂ ಯೋಚ್ನೆ ಮಾಡಿರ್ಲಿಲ್ಲ" ಎಂದರು. ಆ ದಿನ ಡೈರಿಯಲ್ಲಿ ಮುಕ್ಕಾಲು ಪುಟ ಬರೆದಿದ್ದೇನೆ. ನನ್ನ ಇಡೀ ವೃತ್ತಿಯಲ್ಲಿ ನಾನೇ ಸ್ವಂತವಾಗಿ ಕಂಡುಹಿಡಿದ ಒಂದೇ ಒಂದು ವಿಧಾನ ಅದು.

ಎರಡು ಮೂರು ತಿಂಗಳು ಚೆನ್ನಾಗಿಯೇ ನಡೆಯಿತು ಎಂದು ನನ್ನ ನೆನಪು. ಡೈರಿ ಅಷ್ಟು ಉದಾರವಾಗಿಲ್ಲ. ಆರನೆಯ ವಾರದಲ್ಲೇ ಒಂದು ಸಾಲಿದೆ: "ಮೂಲೆಯವರನ್ನು ಇವತ್ತು ಕೊನೆಗೆ ಕರೆದರು. ವಿಚಾರಿಸಬೇಕು." ಮೂಲೆಯವರು ಎಂಬ ಮಾತು ಅಷ್ಟು ಬೇಗ ನನ್ನ ಕೈಯಲ್ಲೇ ಬಂದಿತ್ತು.

ವಿಚಾರಿಸಿದಾಗ ಡಾಕ್ಟರಮ್ಮ ತಾಳ್ಮೆಯಿಂದಲೇ ವಿವರಿಸಿದರು. ಮೊದಲು ನೋಡಿದರೆ ಪ್ರತಿ ಸಲ ಟೇಬಲ್ ತೊಳೆಯಬೇಕು, ಹೊರಗೆ ಎಂಬತ್ತು ಜನ ಕೂತಿರುತ್ತಾರೆ, ಕೊನೆಗೆ ನೋಡಿದರೆ ಒಂದೇ ಸಲ ತೊಳೆದರಾಯಿತು. "ನೋಡೋದಂತೂ ನೋಡ್ತೀವಲ್ಲ. ಎಷ್ಟೋ ಕಡೆ ಗೇಟಿಂದಲೇ ವಾಪಸ್ ಕಳಿಸ್ತಾರೆ, ಗೊತ್ತಾ ನಿಮಗೆ?" ಗೊತ್ತಿತ್ತು. ಹಾಗಾಗಿ ಸುಮ್ಮನಾದೆ. ಬೇರೆಯವರಿಗಿಂತ ನಾವು ವಾಸಿ ಎಂಬ ಮಾತಿಗೆ ಎಷ್ಟು ಸಲ ಸುಮ್ಮನಾಗಿದ್ದೇನೋ ಲೆಕ್ಕವಿಲ್ಲ.

ಆಯಾ ಜಯಮ್ಮನ ಬಗ್ಗೆ ಬರೆಯದಿದ್ದರೆ ಅನ್ಯಾಯವಾಗುತ್ತದೆ. ಲೇಬರ್ ವಾರ್ಡಿನ ನೆಲ ಒರೆಸುವುದು, ಬಟ್ಟೆ ಒಗೆಯುವುದು, ಬೇಸಿನ್ ಎತ್ತುವುದು ಅವಳ ಕೆಲಸ. ಮಡಿಚಿದ ಕಾರ್ಡಿನ ಹೆಂಗಸು ಬಂದರೆ ಜಯಮ್ಮ ಎರಡೂ ಕೈಗೆ ಹಾಲಿನ ಪ್ಲಾಸ್ಟಿಕ್ ಕವರು ಸಿಕ್ಕಿಸಿ ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಿದ್ದಳು. ಬೆಡ್‌ಶೀಟನ್ನು ಕೋಲಿನಿಂದ ಎತ್ತುತ್ತಿದ್ದಳು. ಒಂದು ದಿನ ನಾನು ಅವಳನ್ನು ಕೂರಿಸಿಕೊಂಡು, ಮುಟ್ಟಿದರೆ ಬರುವುದಿಲ್ಲ, ಜೊತೆಗೆ ಕೂತು ಊಟ ಮಾಡಿದರೆ ಬರುವುದಿಲ್ಲ ಎಂದು ಪಾಠ ಶುರುಮಾಡಿದೆ.

"ನಿಮಗೆ ಪುಸ್ತಕ ಗೊತ್ತು ಮೇಡಂ. ರಕ್ತ ಬಳಿಯೋಳು ನಾನು" ಎಂದಳು. ಅಂಗೈ ತೋರಿಸಿದಳು. ಬ್ಲೀಚಿಂಗ್ ಪೌಡರಿನಿಂದ ಬೆರಳ ಸಂದಿಯೆಲ್ಲ ಬಿರಿದಿತ್ತು. "ಸಿಸ್ಟರ್‌ಗೆ ಗ್ಲೌಸ್ ಕೊಡ್ತಾರೆ, ಡಾಕ್ಟ್ರಿಗೆ ಕೊಡ್ತಾರೆ. ಆಯಾಗೆ ಯಾಕೆ ಅಂತಾರೆ. ನೀವು ಮೂಲೆ ಮಡಿಸ್ತೀರಲ್ಲ, ನಿಮ್ ಹೊಟ್ಟೆ ತಣ್ಣಗಿರ್ಲಿ. ಅದೊಂದೇ ನಂಗೆ ಗ್ಲೌಸು."

ಆ ಆಸ್ಪತ್ರೆಯಲ್ಲಿ ನನ್ನ ಉಪಾಯಕ್ಕೆ ಮನಸಾರೆ ಧನ್ಯವಾದ ಹೇಳಿದವಳು ಅವಳೊಬ್ಬಳೇ. ಆಯಾಗಳಿಗೂ ಗ್ಲೌಸ್ ಬೇಕೆಂದು ಒಂದು ಅರ್ಜಿ ಬರೆದೆ. ಸ್ಟಾಕ್ ಇಲ್ಲ ಎಂದು ಬಂತು. ಇನ್ನೊಂದು ಬರೆಯಬಹುದಿತ್ತು.

ಆಮೇಲೆ ಶಶಿಕಲಾ ಪ್ರಸಂಗ ನಡೆಯಿತು. ಅವರು ಬಸವೇಶ್ವರನಗರದವರು, ಗಂಡನದು ಬಟ್ಟೆ ಅಂಗಡಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡ ಅತ್ತೆಯ ಜೊತೆ ಬರುತ್ತಿದ್ದರು. ಯಾವ ಸೋಂಕೂ ಇರಲಿಲ್ಲ. ಎಂಟನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಬಂದವರು ಎರಡು ಗಂಟೆಯವರೆಗೆ ಕೂತೇ ಇದ್ದರು. ಅವರ ನಂತರ ಬಂದವರೆಲ್ಲ ಒಳಗೆ ಹೋಗಿ ಬಂದರು. ಕೊನೆಗೆ ಕರೆದಾಗ ಡಾಕ್ಟರು ಹೊಟ್ಟೆ ಮುಟ್ಟದೆ ದೂರದಿಂದಲೇ ಮಾತ್ರೆ ಬರೆದರಂತೆ. ಮಂಚದಿಂದ ಇಳಿಯುತ್ತಿದ್ದಂತೆ ಜಯಮ್ಮ ಹಾಸನ್ನು ಕೋಲಿನಿಂದ ಎತ್ತಿದಳಂತೆ. ಅದನ್ನು ಅತ್ತೆ ನೋಡಿದರು.

"ನಮ್ಮ ಸೊಸಿ ಏನು ಹೊಲಸು ತಿಂದು ಬಂದಾಳಂತ ಮಾಡೀರಿ?" ಎಂದು ಆ ಹಿರಿಯಮ್ಮ ಕಾರಿಡಾರಿನಲ್ಲಿ ನಿಂತು ಕೂಗಿದ್ದು ನನ್ನ ಕೋಣೆಗೂ ಕೇಳಿಸಿತು. ಓಡಿಹೋಗಿ ಕಾರ್ಡು ತೆಗೆದು ನೋಡಿದೆ. ಬಲಮೂಲೆ ಮಡಿಚಿತ್ತು. ಬ್ಯಾಗಿನಲ್ಲಿ ಟಿಫಿನ್ ಡಬ್ಬಿಯ ಕೆಳಗೆ ಸಿಕ್ಕಿ ತಾನಾಗಿಯೇ ಮಡಿಚಿಕೊಂಡಿತ್ತು.

ಸಂಜೆಯೊಳಗೆ ಆಡಳಿತ ಮಂಡಳಿಯವರೇ ಬಂದು ಕ್ಷಮೆ ಕೇಳಿದರು. ಡಾಕ್ಟರಮ್ಮ ಕ್ಷಮೆ ಕೇಳಿದರು. ನಾನೂ ಕೇಳಿದೆ. ಶಶಿಕಲಾ ಮಾತ್ರ ಏನೂ ಕೂಗಾಡಲಿಲ್ಲ. ಹೋಗುವಾಗ ನನ್ನ ಹತ್ತಿರ ಬಂದು ಮೆಲ್ಲಗೆ, "ಮೇಡಂ, ನಿಜವಾಗ್ಲೂ ಇರೋರಿಗೆ ದಿನಾ ಹಿಂಗೇ ಮಾಡ್ತೀರಾ?" ಎಂದು ಕೇಳಿದರು. ಅವರಿಗೆ ಏನು ಹೇಳಿದೆನೋ ನೆನಪಿಲ್ಲ. ತಪ್ಪಾಗಿ ಮಡಿಚಿದ್ದಕ್ಕೆ ಮೂರು ಜನ ಕ್ಷಮೆ ಕೇಳಿದೆವು. ಸರಿಯಾಗಿ ಮಡಿಚಿದ ಕಾರ್ಡಿನವರಲ್ಲಿ ಒಬ್ಬರನ್ನೂ ಕೇಳಿರಲಿಲ್ಲ.

ಆ ವಾರವೇ ಮಡಿಚುವುದನ್ನು ನಿಲ್ಲಿಸಬೇಕಿತ್ತು. ನಿಲ್ಲಿಸಲು ಹೇಳಿದೆ ಎಂದು ಎಷ್ಟೋ ವರ್ಷ ನಂಬಿಕೊಂಡಿದ್ದೆ, ಒಂದೆರಡು ತರಬೇತಿಗಳಲ್ಲಿ ಹಾಗೆ ಹೇಳಿಯೂ ಇದ್ದೇನೆ. ಡೈರಿಯಲ್ಲಿ ಇರುವುದು ಬೇರೆ. ಸಭೆಯಲ್ಲಿ ಡಾಕ್ಟರಮ್ಮ, "ಗುರುತು ಇಲ್ದೆ ಲೇಬರ್ ವಾರ್ಡ್ ನಡೆಯಲ್ಲ, ಮಾತ್ರೆ ಯಾರಿಗೆ ಕೊಡ್ಬೇಕು ಅಂತ ರಾತ್ರಿ ಸಿಸ್ಟರ್‌ಗೆ ಹೇಗೆ ಗೊತ್ತಾಗ್ಬೇಕು?" ಎಂದಿದ್ದಾರೆ. ನಾನು, "ಹಾಗಿದ್ರೆ ಮಡಿಚಿ ಸ್ಟೇಪ್ಲರ್ ಪಿನ್ ಹೊಡೆಯೋಣ, ಆಗ ತಾನಾಗಿ ಮಡಿಚಿಕೊಂಡದ್ದು ಯಾವುದು ಅಂತ ಗೊಂದಲ ಇರಲ್ಲ" ಎಂದಿದ್ದೇನೆ. ನನ್ನದೇ ಅಕ್ಷರ. ಕೆಳಗೆ "ಎಲ್ಲರೂ ಒಪ್ಪಿದರು" ಎಂದೂ ಇದೆ.

ಸೋಂಕಿದ್ದವರ ಹೆಸರಿನ ಮೂಲ ಪಟ್ಟಿ ನನ್ನ ಕಪಾಟಿನಲ್ಲಿ ಬೀಗದೊಳಗಿರುತ್ತಿತ್ತು, ಕೀಲಿಕೈ ನನ್ನ ಬ್ಯಾಗಿನಲ್ಲಿ. ಗುಟ್ಟು ಕಾಯುವುದರಲ್ಲಿ ನಾನು ಬಹಳ ಕಟ್ಟುನಿಟ್ಟು. ಹಾಗಾಗಿ ನಾನಿಲ್ಲದ ಹೊತ್ತಿನಲ್ಲಿ ಲೇಬರ್ ವಾರ್ಡಿಗೆ ಆ ಪಿನ್ನೇ ಆಧಾರ.

ಗಂಗವ್ವ ಬಂದದ್ದು ಈ ಪಿನ್ನಿನ ಕಾಲದಲ್ಲಿ. ಬಾಗಲಕೋಟೆ ಕಡೆಯವಳು, ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು, ಗಂಡ ಸೆಂಟ್ರಿಂಗ್ ಕೆಲಸದವನು. ಸುಂಕದಕಟ್ಟೆಯ ಒಂದು ವಠಾರದಲ್ಲಿ ಸಿಮೆಂಟ್ ಶೀಟಿನ ಒಂದು ಕೋಣೆ. ಫಲಿತಾಂಶ ಹೇಳಿದಾಗ ಅವಳು ಅಳಲಿಲ್ಲ. "ಅವರಿಗೆ ಐತಂತ ನಂಗ ಗೊತ್ತಿತ್ರಿ ಅಕ್ಕಾರ. ನಂಗೂ ಇರತೈತಿ ಅಂದ್ಕೊಂಡಿದ್ದೆ. ಕೂಸಿಗೆ ಹ್ಯಾಂಗ್ರಿ?" ಎಂದಳು. ಮಾತ್ರೆ, ಹನಿ ಔಷಧ, ಮೂರು ದಿನದ ಗಡುವು, ಎಲ್ಲ ಹೇಳಿದೆ. ಬೆರಳು ಮಡಿಚಿ ಎಣಿಸಿಕೊಂಡು ನನಗೇ ತಿರುಗಿ ಒಪ್ಪಿಸಿದಳು. ಅಷ್ಟು ಸ್ಪಷ್ಟವಾಗಿ ತಿಳಿದುಕೊಂಡ ಹೆಂಗಸು ನನಗೆ ಅಪರೂಪ. ಯಾರಿಗೂ ಹೇಳಬೇಡ, ನನ್ನ ಹತ್ತಿರ ಮಾತ್ರ ಮಾತಾಡು ಎಂದೆ. ಮೂಲೆ ಮಡಿಚಿ ಪಿನ್ ಹೊಡೆದು ಕಾರ್ಡು ಕೈಗೆ ಕೊಟ್ಟೆ.

ಅದೇ ವಠಾರದ ಎದುರು ಸಾಲಿನಲ್ಲಿ ಜಯಮ್ಮನ ಮನೆ ಇದೆ ಎಂದು ನನಗೆ ಗೊತ್ತಿರಲಿಲ್ಲ. ಅವಳು ಕೇಡು ಬಯಸಿ ಹೇಳಿದಳೆಂದು ಈಗಲೂ ನಾನು ತಿಳಿದಿಲ್ಲ. ಮಕ್ಕಳೊಂದಿಗರ ವಠಾರ, ಹುಷಾರಾಗಿರಿ ಎಂದು ಪಿನ್ನು ಕಂಡವಳು ಒಬ್ಬರಿಗೆ ಹೇಳಿರಬೇಕು. ಹದಿನೈದು ದಿನದಲ್ಲಿ ಗಂಗವ್ವನಿಗೆ ಕಾವೇರಿ ನೀರಿನ ನಲ್ಲಿಯಲ್ಲಿ ಕೊನೆಯ ಸರದಿ ಬಂತು. ಆಮೇಲೆ ಸರದಿಯೇ ತಪ್ಪಿತು. ಅವಳ ಬಿಂದಿಗೆ ಸೋಕಿದ ಕಟ್ಟೆಯನ್ನು ಒಬ್ಬಾಕೆ ಅವಳ ಕಣ್ಣೆದುರಿಗೇ ತೊಳೆದಳಂತೆ. ಗಂಡ ಊರಿಗೆ ಹೋಗಿ ಬರುತ್ತೇನೆಂದು ಹೊರಟವನು ಬರಲಿಲ್ಲ. ಕೊನೆಗೆ ವಠಾರದ ಯಜಮಾನರು ಕೋಣೆ ಖಾಲಿ ಮಾಡಿಸಿದರು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆ ಸಮಯದಲ್ಲಿ ಅವಳು ನನ್ನ ಕೋಣೆಗೆ ಬಂದು "ಆರಾಮ ಅದೀನ್ರಿ" ಎಂದು ಹೇಳಿ ಹೋಗುತ್ತಿದ್ದಳು, ನಾನು "ಆರೋಗ್ಯ ಉತ್ತಮ" ಎಂದು ಬರೆದುಕೊಳ್ಳುತ್ತಿದ್ದೆ.

ಅವಳಿಗೆ ಹೆರಿಗೆಯಾದದ್ದು ಒಂದು ಶುಕ್ರವಾರ ಮಧ್ಯಾಹ್ನ. ನಾನು ಗುರುವಾರದಿಂದ ರಜೆಯಲ್ಲಿದ್ದೆ. ನನಗೆ ಆ ದಿನಗಳಲ್ಲಿ ಜ್ವರ ಬಂದಿತ್ತೆಂದು ನೆನಪು, ಹಾಸಿಗೆ ಬಿಟ್ಟು ಏಳಲಾಗದಂಥ ಜ್ವರ. ಈ ಬರಹಕ್ಕೆಂದು ಡೈರಿ ತೆಗೆದು ನೋಡಿದೆ. "ಕೆಂಗೇರಿ ಉಪನಗರ, ತಂಗಿ ಮನೆ ಗೃಹಪ್ರವೇಶ. ಹೋಳಿಗೆ ಚೆನ್ನಾಗಿತ್ತು. ಭಾನುವಾರವೂ ಉಳಿದೆ." ಜ್ವರದ ಸುಳಿವೇ ಇಲ್ಲ. ಮನಸ್ಸು ನನಗೆ ಗೊತ್ತಿಲ್ಲದಂತೆ ನನ್ನ ಮೇಲೆ ಎಂಥ ಕರುಣೆ ತೋರಿಸಿದೆ!

ಸೋಮವಾರ ಬೆಳಿಗ್ಗೆ ಹೆರಿಗೆ ರಿಜಿಸ್ಟರ್ ನೋಡಿದೆ. ಗಂಗವ್ವ, ಗಂಡು ಮಗು, ಸಹಜ ಹೆರಿಗೆ, ಭಾನುವಾರ ಸಂಜೆ ಡಿಸ್ಚಾರ್ಜ್. ಔಷಧದ ಪುಸ್ತಕದಲ್ಲಿ ಅವಳ ಹೆಸರಿಲ್ಲ. ಬೀರು ತೆಗೆದು ನೋಡಿದರೆ ಮಾತ್ರೆ ಅಲ್ಲೇ ಇದೆ, ಹನಿ ಔಷಧದ ಶೀಶೆಯ ಸೀಲು ಒಡೆದಿಲ್ಲ. ಡ್ಯೂಟಿ ಸಿಸ್ಟರನ್ನು ಕೇಳಿದೆ.

"ಆ ಹುಬ್ಬಳ್ಳಿ ಕಡೆ ಹುಡ್ಗಿನಾ? ಅವಳ ಕಾರ್ಡಲ್ಲಿ ಪಿನ್ ಇರ್ಲಿಲ್ಲ ಮೇಡಂ."

"ನಾನೇ ಹೊಡೆದಿದ್ದೀನಿ."

ಸಿಸ್ಟರ್ ಕಾರ್ಡನ್ನು ಹುಡುಕಿ ತಂದು ಟೇಬಲ್ ಮೇಲಿಟ್ಟರು. ಬಲಮೂಲೆಯೇ ಇರಲಿಲ್ಲ. ಪಿನ್ನಿನ ಸಮೇತ ಕತ್ತರಿಯಿಂದ ಓರೆಯಾಗಿ ಕತ್ತರಿಸಿ, ಹೊಸದಾಗಿ ಕಾಣಬಾರದೆಂದು ಅಂಚನ್ನು ಬೆರಳಿನಿಂದ ಉಜ್ಜಿ ಮಾಸಲು ಮಾಡಲಾಗಿತ್ತು. "ಇಲಿ ಕಡಿದಿರುತ್ತೆ ಅಂದ್ಕೊಂಡೆ. ಎಷ್ಟೊಂದು ಕಾರ್ಡು ಹಾಗೇ ಬರುತ್ವೆ" ಎಂದರು ಸಿಸ್ಟರ್. ಅವರ ತಪ್ಪೇನೂ ಇರಲಿಲ್ಲ. ಗಂಗವ್ವನ ಗುರುತಿದ್ದ ಜಯಮ್ಮನೂ ಆ ಮೂರು ದಿನ ಡ್ಯೂಟಿಯಲ್ಲಿರಲಿಲ್ಲ.

ಗಡಿಯಾರ ನೋಡಿದೆ. ಒಂಬತ್ತೂವರೆ. ಮಗು ಹುಟ್ಟಿದ್ದು ಶುಕ್ರವಾರ ಒಂದು ಗಂಟೆಗೆ. ಮೂರೂವರೆ ಗಂಟೆ ಉಳಿದಿತ್ತು. ಶೀಶೆ ತೆಗೆದುಕೊಂಡು ಆಟೋ ಹತ್ತಿದೆ. ವಠಾರದಲ್ಲಿ ಅವಳ ಕೋಣೆಯಲ್ಲಿ ಆಗಲೇ ಬೇರೆಯವರಿದ್ದರು. ಒಬ್ಬ ಹೆಂಗಸು ನನ್ನನ್ನು ಮೇಲೆ ಕೆಳಗೆ ನೋಡಿ, "ಆಸ್ಪತ್ರೆಯವ್ರಾ? ಹಾಗಾದ್ರೆ ಜಯಮ್ಮ ಹೇಳಿದ್ದು ನಿಜಾನೇ" ಎಂದಳು. ಗುಟ್ಟು ಕಾಯಬೇಕಾದ ನಾನೇ ಕತ್ತಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಅಲ್ಲಿ ನಿಂತಿದ್ದೆ. ಎಲ್ಲಿಗೆ ಹೋದಳೆಂದು ಯಾರಿಗೂ ಗೊತ್ತಿರಲಿಲ್ಲ, ಅಥವಾ ಹೇಳಲಿಲ್ಲ. ಕಟ್ಟಡ ಕೆಲಸ ನಡೆಯುತ್ತಿದ್ದ ಜಾಗಗಳಲ್ಲಿ ಬಾಗಲಕೋಟೆಯವರು ಯಾರಿದ್ದೀರಿ ಎಂದು ಕೇಳುತ್ತ ಅಲೆದೆ. ಒಂದು ಗಂಟೆಯಾಯಿತು. ಎರಡಾಯಿತು.

ಸಿಕ್ಕಿದ್ದು ಮಂಗಳವಾರ ಸಂಜೆ. ಅರ್ಧ ಕಟ್ಟಿದ ಮನೆಯೊಂದರ ಕೆಳಗಿನ ಸಿಮೆಂಟ್ ಚೀಲಗಳ ಕೋಣೆಯಲ್ಲಿ, ಊರ ಕಡೆಯ ಒಬ್ಬ ವಾಚ್‌ಮನ್ನನ ಹೆಂಡತಿ ಜಾಗ ಕೊಟ್ಟಿದ್ದಳು. ಗಂಗವ್ವ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು.

"ಮಾತ್ರೆ ಕೊಡ್ಲಿಲ್ವಲ್ಲ ಗಂಗವ್ವ, ಯಾಕೆ ಕೇಳ್ಲಿಲ್ಲ?"

"ಸೂಜಿ ಮಾಡಿದ್ರಲ್ರಿ ಅಕ್ಕಾರ. ಅದಽ ಇರಬೇಕಂತ ತಿಳದೆ" ಎಂದಳು.

ಹನಿ ಔಷಧ ಹಾಕಿದೆ. ಹೊತ್ತು ಮೀರಿತ್ತೆಂದು ಅವಳಿಗೆ ಹೇಳಲಿಲ್ಲ. ಕಾರ್ಡಿನ ಬಗ್ಗೆಯೂ ಕೇಳಲಿಲ್ಲ. ಡಾಕ್ಟರಮ್ಮ ಮರುದಿನ, "ಟೂ ಲೇಟ್. ಆದ್ರೂ ಒಳ್ಳೇದೇ ಮಾಡಿದ್ರಿ, ನಮ್ಮ ಸಮಾಧಾನಕ್ಕೆ" ಎಂದರು.

ಆ ಪಿನ್ನು ಎಷ್ಟು ದಿನ ಮುಂದುವರಿಯಿತು ಎಂದು ಈಗಿನ ಹುಡುಗಿಯರು ಕೇಳಬಹುದು. ಇನ್ನೂ ಒಂದು ವರ್ಷದ ಮೇಲೆ. ಗಂಗವ್ವನ ವಿಷಯ ಇಟ್ಟುಕೊಂಡು ಜಗಳವಾಡಿದರೆ ಅವಳ ಗುಟ್ಟು ಹೊರಬೀಳುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಮೇಲಿನಿಂದ ಆದೇಶ ಬಂತು: ಯಾವ ಗುರುತೂ ಬೇಡ, ಪ್ರತಿ ಹೆರಿಗೆಗೂ ಗ್ಲೌಸ್, ಆಯಾಗಳಿಗೂ ಗ್ಲೌಸ್, ಪ್ರತಿಯೊಬ್ಬರಲ್ಲೂ ಸೋಂಕಿರಬಹುದೆಂದೇ ತಿಳಿದು ಎಲ್ಲರನ್ನೂ ಒಂದೇ ರೀತಿ ನೋಡಿಕೊಳ್ಳಬೇಕು. ಕೇಳಿದಾಗ ಇಷ್ಟು ಸುಲಭವಿತ್ತೇ ಅನ್ನಿಸಿತು. ಜಯಮ್ಮ ಗ್ಲೌಸ್ ಹಾಕಿಕೊಂಡು ಕೈ ಹಿಂದೆ ಮುಂದೆ ತಿರುಗಿಸಿ ನೋಡಿದ್ದು ನೆನಪಿದೆ. ಕಾರ್ಡುಗಳ ಮೂಲೆಗಳು ನೆಟ್ಟಗಾದವು. ಆರು ತಿಂಗಳಲ್ಲಿ ವಾರ್ಡಿನ ಕಿಟಕಿ ಪಕ್ಕದ ಕೊನೆಯ ಮಂಚ ಕೆಲವರಿಗೆ ಮಾತ್ರ ಎಂದಾಯಿತು. ಯಾರು ಆರಂಭಿಸಿದರೆಂದು ನನಗೆ ಗೊತ್ತಿಲ್ಲ. ಈ ಸಲ ನಾನಲ್ಲ ಎಂಬುದಷ್ಟೇ ಗೊತ್ತು. ನಾನು ನಿವೃತ್ತಳಾದ ವಾರವೂ ಆ ಮಂಚ ಹಾಗೆಯೇ ಇತ್ತು.

ಮಗುವಿಗೆ ಸೋಂಕು ಇದೆಯೋ ಇಲ್ಲವೋ ಎಂದು ಖಚಿತವಾಗಿ ತಿಳಿಯಲು ಆಗ ಹದಿನೆಂಟು ತಿಂಗಳು ಕಾಯಬೇಕಿತ್ತು. ಗಂಗವ್ವ ಹೇಳಿದ ದಿನಕ್ಕೆ ಸರಿಯಾಗಿ ಬಂದಳು. ಆ ಹೊತ್ತಿಗೆ ಕೆಂಗೇರಿ ಕಡೆ ಒಂದು ಕಲ್ಯಾಣ ಮಂಟಪದಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಹುಡುಗ ಸಣ್ಣಗಿದ್ದ, ಬಾಯಿ ತುಂಬ ಹುಣ್ಣು, ಆದರೂ ನನ್ನ ಟೇಬಲ್ ಮೇಲಿನ ಪೆನ್ನು ಹಿಡಿದು ಕೊಡಲೊಲ್ಲೆ ಎಂದು ನಗುತ್ತಿದ್ದ.

ಫಲಿತಾಂಶ ಹೇಗೆ ಹೇಳಬೇಕೆಂದು ನಮಗೆ ಕಲಿಸಿದ್ದರು. ಮೊದಲು ನೀರು ಕೊಡಿ, ಅವರಿಗೆ ಏನು ಗೊತ್ತಿದೆ ಕೇಳಿ, ಆಮೇಲೆ ಸರಳ ಮಾತಿನಲ್ಲಿ ಹೇಳಿ. ನಾನು ಲೋಟಕ್ಕೆ ನೀರು ಬಗ್ಗಿಸುವಷ್ಟರಲ್ಲೇ ಅವಳು, "ಐತೇನ್ರಿ?" ಎಂದಳು. ಹೌದೆಂದೆ.

ಆಮೇಲೆ ಮಗನ ಕೈಯಿಂದ ಪೆನ್ನು ಬಿಡಿಸಿ ಟೇಬಲ್ ಮೇಲಿಟ್ಟು, "ಅಕ್ಕಾರ, ಅವತ್ತ ನಾ ಸುಳ್ಳ ಹೇಳೇನ್ರಿ. ಸೂಜಿನಽ ಅಂತ ನಾ ತಿಳದಿರಲಿಲ್ಲ. ನಂಗ ಗೊತ್ತಿತ್ತು. ಮೂರು ದಿನಾನೂ ಎಣಸಕೋತ ಇದ್ದೆ" ಎಂದಳು.

ನೀರಿನ ಲೋಟವನ್ನು ಅವಳ ಕಡೆ ಸರಿಸಿದೆ.

"ಬ್ಯಾನಿ ಬಂದಾಗ ಆ ಸಿಸ್ಟರಮ್ಮಾರು ನನ್ನ ಬೆನ್ನು ತಿಕ್ಕಿದ್ರು. ನಮ್ಮವ್ವ ಸತ್ತಮ್ಯಾಲೆ ಯಾರೂ ತಿಕ್ಕಿರಲಿಲ್ರಿ. ಕೂಸಿನ್ನ ತಂದು ಎದಿ ಮ್ಯಾಲೆ ಹಾಕಿ, ನನ್ನ ಮಾರಿ ಒರಸಿ, ಎಷ್ಟು ಚೆಂದ ಅದಾನ ನೋಡಂದ್ರು. ಹೇಳಬೇಕು ಹೇಳಬೇಕು ಅಂತ ಬಾಯಿಗೆ ಬರ್ತಿತ್ತು. ಈ ಹೊತ್ತು ಒಂದ ದಿನ ಹಿಂಗಽ ಇರಲಿ, ನಾಳೆ ಅಕ್ಕಾರು ಬರ್ತಾರ, ಅವರ ಮುಂದ ಹೇಳೂಣಂತ ಬಿಟ್ಟೆ. ನಿಮ್ಮ ಕೋಣಿಗೆ ಬೀಗ ಇತ್ತು. ಮರುದಿನಾನೂ ಬೀಗ ಇತ್ತು."

ಹುಡುಗ ಮತ್ತೆ ಪೆನ್ನಿಗೆ ಕೈಚಾಚಿದ. ಅವಳು ತಡೆಯಲಿಲ್ಲ.

"ನಾ ಕೇಳಿದ್ರ ಔಷಧ ಕೊಡ್ತಿದ್ರಲ್ರಿ?"

"ಕೊಡ್ತಿದ್ರು ಗಂಗವ್ವ. ಖಂಡಿತ ಕೊಡ್ತಿದ್ರು."

"ಮತ್ತ ಬೆನ್ನು ತಿಕ್ಕತಿದ್ರೇನ್ರಿ?"

ಆ ದಿನದ ಡೈರಿಯಲ್ಲಿ ಒಂದೇ ಸಾಲಿದೆ: "ಹದಿನೆಂಟನೆಯ ತಿಂಗಳ ಫಾಲೋ ಅಪ್. ತಾಯಿ ಪ್ರಶ್ನೆ ಕೇಳಿದರು, ಉತ್ತರಿಸಿದೆ." ಏನು ಉತ್ತರಿಸಿದೆನೆಂದು ಬರೆದಿಲ್ಲ. ಎಷ್ಟು ತಡಕಿದರೂ ನೆನಪಿಗೂ ಬರುತ್ತಿಲ್ಲ. ಹೌದು, ತಿಕ್ಕುತ್ತಿದ್ದರು ಎಂದು ಹೇಳಿರಬಹುದು. ಹಾಗೆ ಹೇಳಿದ್ದರೆ ಅದು ಸುಳ್ಳೆಂದು ನಮ್ಮಿಬ್ಬರಿಗೂ ಗೊತ್ತಿತ್ತು.